ಕೆಲವು ಕಂಟ್ರಿ ಹಾಡುಗಳು ಮಾತ್ರ

ನಮ್ಮ ಊರಿನಲ್ಲಿ ನಿಜವಾಗಿ ಮನಸ್ಸಿಗೆ ಹಿಡಿಸಿದ ಹಾಡನ್ನು ಕೇಳಿದವರ ಕಾಲು ನೆಲ ಬಿಡುತ್ತದೆ. ಹಿಡಿಸಿದಷ್ಟು ಎತ್ತರ, ಅದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಈ ಕಾರಣದಿಂದ ನಮ್ಮ ಕಲ್ಯಾಣಮಂಟಪಗಳಿಗೆ ಚಾವಣಿ ಇಲ್ಲ, ಕ್ಷೌರದಂಗಡಿಗಳಲ್ಲಿ ರೇಡಿಯೋ ಇಲ್ಲ, ಮತ್ತು ಜೋಗುಳ ಹಾಡುವ ತಾಯಂದಿರು ಮೊದಲು ತೊಟ್ಟಿಲ ಮೇಲೆ ಬಲೆ ಕಟ್ಟುತ್ತಾರೆ. ಮನೆಗಳ ಚಾವಣಿಗೆ ಒಳಗಡೆಯಿಂದ ಹತ್ತಿಯ ಹಾಸಿಗೆ ಹೊಡೆಸುವುದು ವಾಡಿಕೆ. ವರ್ಗವಾಗಿ ಬಂದ ಅಧಿಕಾರಿಗಳು ಮೊದಲ ತಿಂಗಳು ಇದನ್ನು ಕಂಡು ನಗುತ್ತಾರೆ, ಎರಡನೆಯ ತಿಂಗಳು ತಲೆಗೆ ಪಟ್ಟಿ ಕಟ್ಟಿಕೊಂಡು ಹಾಸಿಗೆಯವನ ವಿಳಾಸ ಕೇಳುತ್ತಾರೆ. ನಾನು ಲೆಕ್ಕ ಕಲಿತವನು, ಲೆಕ್ಕವನ್ನೇ ಕಲಿಸಿ ನಿವೃತ್ತನಾದವನು. ಬೇರೆ ಊರುಗಳಲ್ಲಿ ಜನ ತಮ್ಮ ಅಭಿರುಚಿಯ ಬಗ್ಗೆ ಗಂಟೆಗಟ್ಟಲೆ ಮಾತನಾಡುತ್ತಾರಂತೆ. ಇಲ್ಲಿ ಅದನ್ನು ಅಳೆದು ನೋಡುತ್ತೇವೆ. ಇದರಿಂದ ಮಾತು ಬಹಳ ಉಳಿಯುತ್ತದೆ. ಸ್ನೇಹಗಳು ಅಷ್ಟಾಗಿ ಉಳಿಯುವುದಿಲ್ಲ.

ಇಂಥ ಊರಿನಲ್ಲಿ ರಾಕ್ ಸಂಗೀತದ ಅಭಿಮಾನಿಗಳು ಸಂಘ ಕಟ್ಟಿಕೊಂಡದ್ದು ಸಹಜವೇ. ನಾನು ಎಷ್ಟು ಎತ್ತರ, ನೀನು ಎಷ್ಟು ಎತ್ತರ ಎಂಬ ಜಗಳಕ್ಕೆ ಅದಕ್ಕಿಂತ ಗಟ್ಟಿಯಾದ ನೆಪ ಸಿಗಲಾರದು. ಸಂಘದ ಹೆಸರು ಸಿಡಿಲು. ಅಧ್ಯಕ್ಷ ನನ್ನ ಹೆಂಡತಿ ಕೊಟ್ರಮ್ಮನ ತಮ್ಮ ಹಾಲೇಶ. ಅವನಿಗೆ ಒಂದು ಬಣ್ಣದ ಅಂಗಡಿ ಇದೆ. ವಯಸ್ಸು ಐವತ್ತು ದಾಟಿದೆ, ತಲೆಯಲ್ಲಿ ಉಳಿದಿರುವಷ್ಟು ಕೂದಲನ್ನು ಹಿಂದಕ್ಕೆ ಜುಟ್ಟು ಕಟ್ಟುತ್ತಾನೆ, ಸುಡು ಬೇಸಿಗೆಯಲ್ಲೂ ಕಪ್ಪು ಚರ್ಮದ ಜಾಕೆಟ್ಟು ತೊಡುತ್ತಾನೆ. ಅದರಿಂದ ಬರುವ ಬೆವರಿಗೆ ಅವನಿಟ್ಟ ಹೆಸರು ಬಂಡಾಯ. ಸದಸ್ಯರೆಲ್ಲ ಹೆಚ್ಚುಕಡಿಮೆ ಇದೇ ವಯಸ್ಸಿನವರು, ಇದೇ ಜಾಕೆಟ್ಟಿನವರು. ಪ್ರತಿ ಶನಿವಾರ ಸಂಜೆ ಚಾವಣಿ ಹಾರಿಹೋದ ಒಂದು ಹಳೆಯ ಗೋದಾಮಿನಲ್ಲಿ ಸೇರಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ರಾಕ್ ಹಾಡು ಹಾಕಿಕೊಂಡು ಮೇಲೇಳುತ್ತಾರೆ. ಎತ್ತರವನ್ನು ಅಳೆಯಲು ಬಣ್ಣದ ಗೆರೆ ಎಳೆದ ಒಂದು ಕೋಲನ್ನು ನನ್ನ ಕೈಗೆ ಕೊಟ್ಟಿದ್ದರು. ನನ್ನ ಪಾದ ನೆಲ ಬಿಟ್ಟದ್ದನ್ನು ಊರಿನಲ್ಲಿ ಯಾರೂ ಕಂಡಿಲ್ಲವಾದ್ದರಿಂದ ಅಳೆಯಲು ನಾನೇ ತಕ್ಕವನೆಂದು ಅವರು ತೀರ್ಮಾನಿಸಿದ್ದರು. ಅದನ್ನು ಹೊಗಳಿಕೆಯೆಂದೇ ಸ್ವೀಕರಿಸಿದೆ.

ರಾಕ್ ಅಭಿಮಾನಿಯ ಮರ್ಯಾದೆಗೆ ಒಬ್ಬ ಶತ್ರು ಬೇಕು. ಸಿಡಿಲು ಸಂಘಕ್ಕೆ ಆ ಶತ್ರು ಕಂಟ್ರಿ ಸಂಗೀತವಾಗಿತ್ತು. ಹಾಲೇಶ ನನಗೆ ವಿವರಿಸಿದ ಪ್ರಕಾರ, ಕಂಟ್ರಿ ಎಂದರೆ ದೂರದ ದೇಶವೊಂದರ ಹಳ್ಳಿಗಾಡಿನವರ ಹಾಡು. ಅದರಲ್ಲಿ ಒಂದು ಲಾರಿ ಕೆಟ್ಟಿರುತ್ತದೆ, ಒಬ್ಬ ಹೆಂಡತಿ ಬಿಟ್ಟುಹೋಗಿರುತ್ತಾಳೆ, ಒಂದು ನಾಯಿ ಸತ್ತಿರುತ್ತದೆ, ಮತ್ತು ಹಾಡುವವನು ಈ ಮೂರಕ್ಕೂ ತಾನು ಕಾರಣನಲ್ಲವೆಂದು ಗಿಟಾರು ಹಿಡಿದು ವಾದಿಸುತ್ತಿರುತ್ತಾನೆ. ಹಾಗಾದರೆ ಅವರ ಬಾಯಲ್ಲಿ ಆಗಾಗ ಬರುವ ಆಲ್ಟರ್ನೇಟಿವ್ ಕಂಟ್ರಿ ಎಂದರೇನೆಂದು ಕೇಳಿದೆ. ಅದೇ ಲಾರಿ, ಅದೇ ಹೆಂಡತಿ, ಅದೇ ನಾಯಿ. ಆದರೆ ಹಾಡುವವನು ತಪ್ಪು ತನ್ನದೇ ಎಂದು ಒಪ್ಪಿಕೊಂಡು ಗಡ್ಡ ಬಿಟ್ಟಿರುತ್ತಾನೆ ಎಂದ. ಮೊದಲನೆಯದನ್ನು ಕೇಳುವುದು ರಾಕ್ ಅಭಿಮಾನಿಗೆ ಅವಮಾನ; ಎರಡನೆಯದನ್ನು ಆಗಾಗ, ವಿಚಾರವಂತನಾಗಿ ಕೇಳಬಹುದು ಎಂಬುದು ಸಂಘದ ನಿಲುವು.

"ನನಗೆ ಕಂಟ್ರಿ ಆಗಲ್ಲ ಭಾವ," ಎಂದು ಅವನು ಪ್ರತಿ ಸಲವೂ ಮಾತು ಮುಗಿಸುತ್ತಿದ್ದ. "ಕೆಲವು ಕೇಳ್ತೀನಿ, ಅಷ್ಟೇ."

ಈ 'ಕೆಲವು' ಎಂಬ ಪದದ ಮೇಲೆ ಇಡೀ ಸಂಘ ನಿಂತಿತ್ತು. ಹಾಲೇಶನಿಗೆ ಕೆಟ್ಟ ಲಾರಿಯ ಹಾಡುಗಳು ಕೆಲವು ಹಿಡಿಸುತ್ತಿದ್ದವು. ಡ್ರಮ್ಮು ಬಾರಿಸುವ ಲತೀಫನಿಗೆ ಹೆಂಡತಿ ಹೋದ ಹಾಡುಗಳು ಕೆಲವು. ಊರಿನ ಚಾವಣಿಗಳಿಗೆಲ್ಲ ಹಾಸಿಗೆ ಹೊಡೆಯುವವನು ಈ ಲತೀಫನೇ. ಅವನ ಹೆಂಡತಿ ಮನೆಯಲ್ಲಿ ಸುಖವಾಗಿದ್ದಳು, ಆದರೆ ಅಭಿರುಚಿಗೆ ಅನುಭವ ಬೇಕೆಂದೇನಿಲ್ಲ. ಇನ್ನೊಬ್ಬನಿಗೆ ನಾಯಿ, ಮತ್ತೊಬ್ಬನಿಗೆ ಜೈಲು, ಮಗದೊಬ್ಬನಿಗೆ ರೈಲು. ಒಬ್ಬೊಬ್ಬರ ಕೆಲವುಗಳನ್ನು ನಾನು ಮನಸ್ಸಿನಲ್ಲೇ ಕೂಡಿಸಿ ನೋಡಿದ್ದೇನೆ. ಇಡೀ ಕಂಟ್ರಿ ಸಂಗೀತ ಬರುತ್ತದೆ. ಒಂದು ಹಾಡೂ ಶೇಷ ಉಳಿಯುವುದಿಲ್ಲ. ಶನಿವಾರದ ಕೊನೆಗೆ, ವಿಮರ್ಶೆ ಮಾಡುವ ಸಲುವಾಗಿ, ಅವರು ಒಂದೆರಡು ಕಂಟ್ರಿ ಹಾಡು ಕೇಳುವುದಿತ್ತು. ಆಗ ಎಲ್ಲರೂ ಚಕ್ಕಂಬಕ್ಕಲ ಹಾಕಿ ಕುಳಿತು, ಹಗ್ಗ ಕಟ್ಟಲು ನೆಲದಲ್ಲಿ ಹೂತಿದ್ದ ಕಬ್ಬಿಣದ ಬಳೆಗಳನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿಯುತ್ತಿದ್ದರು. ಬೆನ್ನುನೋವಿಗೆ ಆ ಭಂಗಿ ಒಳ್ಳೆಯದೆಂದು ನನಗೆ ಹೇಳಿದ್ದರು. ಬೆನ್ನುನೋವಿನವರ ಬೆರಳ ಗೆಣ್ಣುಗಳು ಅಷ್ಟು ಬೆಳ್ಳಗಾಗುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ಸಂಘದ ಗಾಯಕ ಬೋನಿಫಾಸ್. ಬಸ್ಸು ನಿಲ್ಲುವ ತಿರುವಿನಲ್ಲಿ ಅವನದೊಂದು ಬೇಕರಿ. ಬೆಳಗ್ಗೆ ಬನ್ನು, ಖಾರಾ ಬಿಸ್ಕತ್ತು. ಶನಿವಾರ ಸಂಜೆ ಆಕಾಶ ಹರಿಯುವಂತೆ ಕಿರುಚುವುದು. ಹಾಲೇಶನೂ ಅವನೂ ಹುಡುಗರಾಗಿದ್ದಾಗಿನಿಂದ ಒಂದೇ ಗಿಟಾರನ್ನು ಹಂಚಿಕೊಂಡವರು. ಬಾರಿಸಲು ಬರದೆಂದು ಗೊತ್ತಾದ ಮೇಲೆ ಹಾಲೇಶ ಅಧ್ಯಕ್ಷನಾದ. ಬೋನಿಫಾಸ್‌ನ ಕಿರುಚಾಟಕ್ಕೆ ಹಾಲೇಶ ಗೋದಾಮಿನ ಗೋಡೆ ದಾಟಿ ಏಳುತ್ತಿದ್ದ. ಈಚೆಗೆ ಆ ಗಂಟಲು ಕೈಕೊಟ್ಟಿತು. ವೈದ್ಯರು ಒಳಗೆ ದೀಪ ಹಾಕಿ ನೋಡಿ, ಮೆಲ್ಲಗೆ ಹಾಡಿದರೆ ತೊಂದರೆಯಿಲ್ಲ, ಇನ್ನೊಮ್ಮೆ ಕಿರುಚಿದರೆ ಗ್ರಾಹಕರಿಗೆ ಬನ್ನಿನ ಬೆಲೆಯನ್ನೂ ಸನ್ನೆಯಲ್ಲೇ ಹೇಳಬೇಕಾಗುತ್ತದೆ ಎಂದರು. ಬೋನಿಫಾಸ್ ಕೆಲವು ವಾರ ಸಂಘಕ್ಕೆ ಬರಲಿಲ್ಲ. ಬಂದಾಗ ಅವನ ಬಳಿ ತಾನೇ ಕಟ್ಟಿದ ಒಂದು ಹಾಡಿತ್ತು. ಅದರಲ್ಲಿ ಲಾರಿ ಕೆಟ್ಟಿತ್ತು. ಕೆಟ್ಟದ್ದಕ್ಕೆ ಹಾಡುವವನು ತನ್ನನ್ನೇ ಬೈದುಕೊಂಡಿದ್ದ. ವರ್ಗೀಕರಣದಲ್ಲಿ ಯಾವ ಸಂಶಯಕ್ಕೂ ಎಡೆಯಿರಲಿಲ್ಲ. ಗಡ್ಡ ಕೂಡ ಬಂದಿತ್ತು.

ಸಂಘದ ನಿಯಮ ಸರಳ: ಸದಸ್ಯರನ್ನು ಎತ್ತಲಾರದವನು ಗಾಯಕನಲ್ಲ. ಬೋನಿಫಾಸ್ ಅದಕ್ಕೆ ವಿನಾಯಿತಿ ಕೇಳಲಿಲ್ಲ. ಮುಂದಿನ ಭಾನುವಾರ ಮಧ್ಯಾಹ್ನ ಎಲ್ಲರೆದುರು ಹಾಡುತ್ತೇನೆ, ಯಾರೂ ಬಳೆ ಹಿಡಿಯದೆ ಕೈ ಮೇಲೆತ್ತಿ ಕೂರಬೇಕು ಎಂದು ಮಾತ್ರ ಕೇಳಿದ.

"ಕಿರುಚೋದು ಮುಗೀತು ಕಣ್ರಪ್ಪ. ಇನ್ನು ಇಷ್ಟೇ ಉಳಿದಿರೋದು," ಎಂದ. "ನೀವು ಎದ್ದರೆ ಇಲ್ಲೇ ಇರ್ತೀನಿ. ಏಳಲಿಲ್ಲ ಅಂದ್ರೆ ಬೇಕರಿ ಮುಚ್ಚಿ ಅಕ್ಕನ ಊರಿಗೆ ಹೋಗ್ತೀನಿ. ಅಲ್ಲಿ ಯಾರ ಕಾಲೂ ಏಳಲ್ಲವಂತೆ, ಚಪ್ಪಾಳೆ ಹೊಡೀತಾರಂತೆ. ಇಷ್ಟ ಆಗದಿದ್ರೂ ಹೊಡೀತಾರಂತೆ. ಎಷ್ಟು ಒಳ್ಳೇ ಜನ ನೋಡ್ರಿ."

ಆ ಭಾನುವಾರ ಬೆಳಗ್ಗೆ ಕೊಟ್ರಮ್ಮ ಚಟ್ನಿ ಅರೆಯಲು ಕುಳಿತು, ಒರಳಿನ ಗುಂಡು ಕಾಣಿಸುತ್ತಿಲ್ಲವೆಂದು ಮನೆಯೆಲ್ಲ ಹುಡುಕಿದಳು. ಕಾಫಿ ಕುಡಿಯಲು ಬಂದಿದ್ದ ಹಾಲೇಶ ಆಗಷ್ಟೇ ಎದ್ದುಹೋಗಿದ್ದ. ಗುಂಡು ಕದಿಯುವ ಕಳ್ಳ ಯಾರಿರುತ್ತಾನೆ ಎಂದು ನಾನು ಹೇಳಿದೆ. ಚಟ್ನಿಯಿಲ್ಲದೆ ಇಡ್ಲಿ ತಿಂದೆವು. ಮಧ್ಯಾಹ್ನ ಗೋದಾಮಿಗೆ ಹೋದಾಗ ಸದಸ್ಯರೆಲ್ಲ ಆಗಲೇ ಸೇರಿದ್ದರು. ಎಲ್ಲರೂ ಶ್ರಾದ್ಧದ ಊಟ ಮುಗಿಸಿ ಬಂದವರಂತೆ ಭಾರವಾಗಿ ನಡೆಯುತ್ತಿದ್ದರು. ಹಾಲೇಶನ ಜಾಕೆಟ್ಟಿನ ಜಿಪ್ಪು ಹೊಟ್ಟೆಯ ಮೇಲೆ ಬರುತ್ತಿರಲಿಲ್ಲ. ಅಧ್ಯಕ್ಷ ಪದವಿಯಲ್ಲಿ ಹೊಟ್ಟೆ ಬೆಳೆಯುವುದು ಲೋಕಾರೂಢಿಯಾದ್ದರಿಂದ ನಾನು ಅದನ್ನು ಲಕ್ಷಿಸಲಿಲ್ಲ.

ಬೋನಿಫಾಸ್ ಒಂದು ಮೈದಾ ಡಬ್ಬದ ಮೇಲೆ ಕುಳಿತು ಹಾಡಿದ. ಹಾಡನ್ನು ವರ್ಣಿಸುವುದು ನನ್ನ ಕಸುಬಲ್ಲ. ಘಾಟಿಯ ತಿರುವಿನಲ್ಲಿ ಲಾರಿ ಕೆಟ್ಟು ನಿಂತಿದೆ, ಚಕ್ರ ಎತ್ತಲು ಜಾಕು ಇಲ್ಲ, ಪಕ್ಕದ ಸೀಟು ಖಾಲಿ ಇದೆ. ಪ್ರತಿ ಚರಣವೂ 'ನೀನೂ ಇಲ್ಲ, ಜಾಕೂ ಇಲ್ಲ' ಎಂಬ ಸಾಲಿಗೆ ಬಂದು ನಿಲ್ಲುತ್ತದೆ. ಕೇಳಲು ನಗು ಬರಬೇಕಾದ ಸಾಲು. ಆದರೆ ಆ ಒಡೆದ ಧ್ವನಿ 'ಜಾಕೂ' ಎನ್ನುವಲ್ಲಿ ಒಂದು ಕ್ಷಣ ತಡೆದು, ಆಮೇಲೆ ಬಿಟ್ಟುಕೊಡುತ್ತಿತ್ತು. ಆಗ ಗೋದಾಮಿನಲ್ಲಿ ಯಾರೂ ನಗಲಿಲ್ಲ. ಯಾರೂ ಏಳಲೂ ಇಲ್ಲ. ಎಲ್ಲರೂ ಕೈ ಮೇಲೆತ್ತಿ, ದರೋಡೆಗೆ ಸಿಕ್ಕಿದವರ ಹಾಗೆ, ನೆಲಕ್ಕೆ ಅಂಟಿ ಕುಳಿತಿದ್ದರು. ಲತೀಫನ ಕಣ್ಣಿನಲ್ಲಿ ನೀರಿತ್ತು; ಅವನ ಕುಂಡಿಯ ಕೆಳಗೆ ಒಂದು ಎಳೆ ನೂಲು ತೂರುವಷ್ಟೂ ಜಾಗವಿರಲಿಲ್ಲ. ನಾನು ಕೋಲು ಹಿಡಿದು ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದೆ. ಅಳೆಯಲು ಏನೂ ಇರಲಿಲ್ಲ.

ಹಾಡು ಮುಗಿದ ಮೇಲೆ ಬೋನಿಫಾಸ್ ಎಲ್ಲರ ಕೆಳಗೂ ಒಮ್ಮೆ ನೋಡಿದ. ಮುಖ ನೋಡುವ ಅಭ್ಯಾಸ ನಮ್ಮೂರಿನವರಿಗಿಲ್ಲ.

"ಸರಿ ಬಿಡ್ರಿ," ಎಂದ. "ನೆಲ ಗಟ್ಟಿ ಐತೆ."

ಗಿಟಾರನ್ನು ಚೀಲಕ್ಕೆ ಹಾಕಿಕೊಂಡು, ಡಬ್ಬವನ್ನೂ ಎತ್ತಿಕೊಂಡು ಹೊರಟುಹೋದ.  ಅವನ ಹಿಂದೆಯೇ ಹಾಲೇಶ ಎದ್ದು ನಿಲ್ಲಲು ಹೋದ. ಜಾಕೆಟ್ಟಿನ ಹೊಲಿಗೆ ಬಿಚ್ಚಿ, ಕೊಟ್ರಮ್ಮನ ಒರಳಿನ ಗುಂಡು ದಢಾರನೆ ಕೆಳಗೆ ಬಿದ್ದು ಉರುಳುತ್ತ ಲತೀಫನ ಕಾಲ ಬಳಿ ನಿಂತಿತು. ಲತೀಫ ಅದನ್ನು ನೋಡಿದ, ಹಾಲೇಶನನ್ನು ನೋಡಿದ, ಆಮೇಲೆ ತನ್ನ ಜೇಬಿಗೆ ಕೈಹಾಕಿ ತಕ್ಕಡಿಯ ತೂಕದ ಕಲ್ಲುಗಳನ್ನು ಒಂದೊಂದಾಗಿ ತೆಗೆದು ಪಕ್ಕದಲ್ಲಿಟ್ಟ. ಅವನ ಆಚೆಯವನು ಪ್ಯಾಂಟಿನ ಒಳಗಿಂದ ಬೀಗದ ಗೊಂಚಲು, ಗುದ್ದಲಿಯ ಅಲಗು ತೆಗೆದ. ಸ್ವಲ್ಪ ಹೊತ್ತಿನಲ್ಲಿ ಸಿಡಿಲು ಸಂಘ ಗುಜರಿ ಅಂಗಡಿಯಾಗಿತ್ತು.

ವಿಚಾರಿಸಿದರೆ ಎಲ್ಲರ ಉತ್ತರವೂ ಒಂದೇ. ಬೋನಿಫಾಸ್ ಊರಲ್ಲೇ ಉಳಿಯಬೇಕೆಂಬುದು ಎಲ್ಲರ ಆಸೆ. ಆದರೆ ರಾಕ್‌ಗಿಂತ ಎತ್ತರಕ್ಕೆ ಕಂಟ್ರಿಗೆ ಎದ್ದುಬಿಟ್ಟರೆ ನಾಳೆ ಮುಖ ತೋರಿಸುವುದು ಹೇಗೆ? ಅದಕ್ಕಾಗಿ ಒಂದಿಷ್ಟು ಭಾರ ಇಟ್ಟುಕೊಂಡರು. ತೂಕ ಹೆಚ್ಚಾಗಿ ತಾನು ಏಳದೆಹೋದರೂ ಉಳಿದವರು ಹೇಗೂ ಏಳುತ್ತಾರೆ, ಕೆಲಸ ನಡೆಯುತ್ತದೆ ಎಂದು ಒಬ್ಬೊಬ್ಬನೂ ಲೆಕ್ಕ ಹಾಕಿದ್ದ.

"ಮರ್ಯಾದೆಗೆ ಎಷ್ಟು ಬೇಕೋ ಅಷ್ಟು ಏಳೋಣ ಅಂತಿದ್ದೆ ಭಾವ," ಎಂದ ಹಾಲೇಶ.

ಎಷ್ಟು ಎಂದು ಲೆಕ್ಕ ಹಾಕಿದ್ದೆ ಎಂದು ಕೇಳಿದೆ.

"ಒಂದು ಬೆರಳು."

ಒಂದು ಬೆರಳಿಗೆ ಒರಳಿನ ಗುಂಡು ಎಂಬ ಸಮೀಕರಣವನ್ನು ನನ್ನ ಶಾಲೆಯಲ್ಲಿ ಯಾರಾದರೂ ಬರೆದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಆದರೆ ಆಗ ನನಗೆ ಹೊಳೆದದ್ದು ಬೇರೆ. ಅಷ್ಟು ಭಾರ ಬೇಕಾಗುತ್ತದೆಂದು ಅವನಿಗೆ ಅನ್ನಿಸಿತ್ತು. ಆ ಹಾಡು ತನ್ನನ್ನು ಎಷ್ಟು ಎತ್ತಬಹುದೆಂದು ಅವನಿಗೆ ಸರಿಯಾಗಿಯೇ ಗೊತ್ತಿತ್ತು.

ಎಲ್ಲರೂ ಕಲ್ಲು ಗುಂಡುಗಳನ್ನು ಹೊತ್ತುಕೊಂಡೇ ಬೇಕರಿಗೆ ಹೋದರು. ನಾನೂ ಹೋದೆ, ಗುಂಡು ನಮ್ಮದಾಗಿತ್ತು. ಬೋನಿಫಾಸ್ ತಟ್ಟೆಗಳನ್ನು ಉಜ್ಜಿ ಕಟ್ಟಿಡುತ್ತಿದ್ದ. ಹಾಲೇಶ ನಡೆದದ್ದನ್ನೆಲ್ಲ ಒಪ್ಪಿಕೊಂಡ, ಮೇಜಿನ ಮೇಲೆ ಸಾಕ್ಷಿಗಳನ್ನು ಸಾಲಾಗಿ ಇಟ್ಟ. ಮಾತಿಗೆ ಎಲ್ಲಿಯೂ ಹೆಚ್ಚು ಬೆಲೆಯಿಲ್ಲ, ನಮ್ಮೂರಿನಲ್ಲಂತೂ ಚಿಲ್ಲರೆಯಷ್ಟೂ ಇಲ್ಲ.

"ಕಲ್ಲು ಎಲ್ಲರ ಮನೇಲೂ ಐತೆ ಹಾಲೇಶಿ," ಎಂದ ಬೋನಿಫಾಸ್. "ತಂದು ತೋರಿಸಿದ್ರೆ ಏನಾಯ್ತು?"

ಹಾಗಾದರೆ ಈಗಲೇ ಒಂದು ಸಾಲು ಹಾಡು, ಬರಿ ಜೇಬಿನಲ್ಲಿ ನಿಂತಿದ್ದೇವೆ ಎಂದು ಲತೀಫ ಬೇಡಿಕೊಂಡ. ಬೋನಿಫಾಸ್ ಒಪ್ಪಲಿಲ್ಲ. ಕನಿಕರಕ್ಕೆ ಎದ್ದುಬಿಡುತ್ತಾರೆಂಬ ಭಯ ಅವನಿಗಿರಲಿಲ್ಲ; ಕನಿಕರಕ್ಕೆ ಕಾಲು ಏಳುವುದಿಲ್ಲವೆಂದು ಅವನಿಗೂ ಗೊತ್ತಿತ್ತು.

"ಇನ್ನೊಂದು ಸಲ ಹಾಡಿ ಇನ್ನೊಂದು ಸಲ ನೆಲ ನೋಡೋ ಶಕ್ತಿ ನನಗಿಲ್ಲಪ್ಪ. ಬನ್ನು ಬೇಕಾದ್ರೆ ತಗೊಂಡು ಹೋಗ್ರಿ."

ಬನ್ನು ತೆಗೆದುಕೊಂಡು ಬಂದರು. ಒಂದು ಮಹಾ ಸಂಗೀತ ಚಳವಳಿ ಬಾಯಲ್ಲಿ ಬನ್ನು ಇಟ್ಟುಕೊಂಡು ಬೀದಿಯಲ್ಲಿ ಸಾಲಾಗಿ ನಡೆಯುವ ದೃಶ್ಯ ಎಲ್ಲರಿಗೂ ಸಿಗುವಂಥದಲ್ಲ. ಮುಂದಿನ ದಿನಗಳಲ್ಲಿ ಬೋನಿಫಾಸ್ ಒಲೆಯನ್ನು ಮಾರಿದ, ಗುರುವಾರ ಮಧ್ಯಾಹ್ನದ ಬಸ್ಸಿಗೆ ಹೊರಡುವುದೆಂದು ತಿಳಿಸಿದ. ಹಾಲೇಶ ಅಂಗಡಿ ತೆರೆಯಲಿಲ್ಲ. ಗುರುವಾರ ಬೆಳಗ್ಗೆ ಕೊಟ್ರಮ್ಮ ಅವನ ಮನೆಗೆ ಹೋಗಿ, ಉಳಿಸಿಕೊಳ್ಳಲು ಬಾಯಿಲ್ಲದಿದ್ದರೆ ಕಳಿಸಿಕೊಡಲಾದರೂ ಕಾಲು ಎತ್ತು ಎಂದು ಗದರಿಸಿ ಹೊರಡಿಸಿದಳು. ಅವಳ ಅಪ್ಪಣೆಯಂತೆ ನಾನು ಹಿಂದೆ ನಡೆದೆ. ಅವನು ಹೊಲಿಗೆ ಹಾಕಿಸಿದ ಜಾಕೆಟ್ಟು ತೊಟ್ಟಿದ್ದ. ಈ ಸಲ ಜಿಪ್ಪು ಸಲೀಸಾಗಿ ಬಂದಿತ್ತು.

ಬೇಕರಿಯ ಬಾಗಿಲು ಅರ್ಧ ಎಳೆದಿತ್ತು. ಹೊರಗೆ ಒಂದು ಟ್ರಂಕು, ಗಿಟಾರು. ಹಾಲೇಶ ಬೀದಿಯ ನಡುವೆ ನಿಂತು, ಏನೂ ಪೀಠಿಕೆಯಿಲ್ಲದೆ, ಲಾರಿಯ ಹಾಡನ್ನು ತಾನೇ ಹಾಡತೊಡಗಿದ. ಅವನು ಹಾಡುವುದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅದಕ್ಕಾಗಿ ಅವನಿಗೆ ಇಷ್ಟು ವರ್ಷ ಕೃತಜ್ಞತೆ ಹೇಳದೆ ಉಳಿದದ್ದು ನನ್ನ ಅವಿವೇಕ. ರಾಗ ಒಂದು ಕಡೆ ಹೋದರೆ ಅವನು ಇನ್ನೊಂದು ಕಡೆ ಹೋಗುತ್ತಿದ್ದ. ನಡುವೆ ಸಿಕ್ಕಿದರೂ ಪರಿಚಯ ತೋರಿಸುತ್ತಿರಲಿಲ್ಲ. ಎದುರು ಮನೆಯ ತಾರಸಿಯಲ್ಲಿ ಸಂಡಿಗೆ ಒಣಗಿಸುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು. ಮಲಗಿದ್ದ ನಾಯಿ ಎದ್ದು ಮುಂದಿನ ಓಣಿಗೆ ಹೋಯಿತು. ಹಾಲೇಶ ಬೆವರುತ್ತಿದ್ದ, ಕಿವಿ ಕೆಂಪಾಗಿತ್ತು, ನಿಲ್ಲಿಸಲಿಲ್ಲ. ಎರಡನೆಯ ಚರಣದ ಕೊನೆಯಲ್ಲಿ 'ಜಾಕೂ' ಎಂಬುದನ್ನು ಒಂದು ಫರ್ಲಾಂಗು ಎಳೆದ.

ಬಾಗಿಲು ಮೇಲೆ ಸರಿಯಿತು. ಬೋನಿಫಾಸ್ ಹೊರಗೆ ಬಂದು ಕಿವಿ ಮುಚ್ಚಿಕೊಂಡೇ ನಿಂತ.

"ಎಳೀಬ್ಯಾಡ ಮಾರಾಯ ಅಲ್ಲಿ. ತಡೆದು ಬಿಡಬೇಕು."

ಹಾಲೇಶ ಇನ್ನೊಮ್ಮೆ ಹಾಡಿದ, ಇನ್ನೊಮ್ಮೆ ಎಳೆದ. ಬೇಕೆಂದೇ ಹಾಗೆ ಹಾಡಿದನೆಂದು ಸಂಘದವರು ಈಗ ಹೇಳುತ್ತಾರೆ. ನಾನು ನಂಬುವುದಿಲ್ಲ. ಬೇಕೆಂದು ಅಷ್ಟು ಕೆಟ್ಟದಾಗಿ ಹಾಡಲು ಪ್ರತಿಭೆ ಬೇಕು.

"ಅಯ್ಯೋ, ಹಂಗಲ್ಲೋ. ಇಲ್ಲಿ ಕೇಳು," ಎಂದು ಬೋನಿಫಾಸ್ ತಾನೇ ಆ ಸಾಲನ್ನು ಹಾಡಿ ತೋರಿಸಿದ. ತನ್ನ ಹಾಡನ್ನು ಬೇರೆಯವನು ಕೆಡಿಸುವುದನ್ನು ಸಹಿಸಿಕೊಂಡು ಬಸ್ಸು ಹತ್ತುವ ಗಾಯಕ ಇನ್ನೂ ಹುಟ್ಟಿಲ್ಲ. ನೀನೂ ಇಲ್ಲ, ಎಂದು ಹೇಳಿ, ತಡೆದು, ಜಾಕೂ ಇಲ್ಲ ಎಂದು ಬಿಟ್ಟ.

ಹಾಲೇಶನ ಕಾಲು ನೆಲ ಬಿಟ್ಟಿತು. ಒಂದು ಬೆರಳಲ್ಲ. ಅವನು ಬೇಕರಿಯ ಬೋರ್ಡನ್ನು ದಾಟಿ, ವಿದ್ಯುತ್ ತಂತಿಯನ್ನು ಮೊಣಕಾಲು ಮಡಚಿ ತಪ್ಪಿಸಿ, ಸಂಡಿಗೆಯ ತಾರಸಿಯ ಸಮಕ್ಕೆ ಹೋಗಿ ನಿಂತ. ಗೋದಾಮಿನಲ್ಲಿ ಯಾವ ರಾಕ್ ಹಾಡೂ ಅವನನ್ನು ಅಷ್ಟು ಎತ್ತರಕ್ಕೆ ಒಯ್ದಿರಲಿಲ್ಲ. ಅಳೆದವನು ನಾನು, ನನಗೆ ಗೊತ್ತು. ತಾರಸಿಯ ಹೆಂಗಸೊಬ್ಬಳು, ಏನು ಅಧ್ಯಕ್ಷರೇ, ಇದು ರಾಕೋ ಎಂದು ಕೇಳಿದಳಂತೆ. ಅಲ್ಲಮ್ಮ, ಕಂಟ್ರಿ ಎಂದು ಅವನು ಬೀದಿಗೆಲ್ಲ ಕೇಳುವಂತೆ ಹೇಳಿದ್ದನ್ನು ನಾನೇ ಕೇಳಿದೆ.

ಬೋನಿಫಾಸ್ ತಲೆಯೆತ್ತಿ ನೋಡಿ, ಬೆರಗಾಗಿ, ಹಾಡು ನಿಲ್ಲಿಸಿದ. ಹಾಲೇಶ ಆಳೆತ್ತರ ಕುಸಿದ. ಕೊಟ್ರಮ್ಮ ಯಾವಾಗ ಬಂದಿದ್ದಳೋ, ನನ್ನ ತಮ್ಮನ ಕಾಲು ಮುರಿದರೆ ನಿನ್ನನ್ನು ಸುಮ್ಮನೆ ಬಿಡುವುದಿಲ್ಲ, ಹಾಡು ಎಂದಳು. ಅವನು ಮತ್ತೆ ಹಾಡಿದ. ಮೇಲಿರುವವರನ್ನು ಕೊನೆಯ ಸಾಲಿನಲ್ಲಿ ನಿಧಾನವಾಗಿ ಇಳಿಸುವುದು ನಮ್ಮೂರ ಗಾಯಕರು ಮೊದಲು ಕಲಿಯುವ ವಿದ್ಯೆ. ರಾಕ್‌ನಲ್ಲಿ ಅದು ಸುಲಭ, ಗದ್ದಲ ಕಡಿಮೆ ಮಾಡಿದರೆ ಸಾಕು. ಈ ಹಾಡಿನಲ್ಲಿ ಅದು ನಡೆಯಲಿಲ್ಲ. ಬೋನಿಫಾಸ್ ಧ್ವನಿ ತಗ್ಗಿಸಿದಷ್ಟೂ ಹಾಡು ಇನ್ನೂ ಚೆನ್ನಾಗುತ್ತಿತ್ತು, ಹಾಲೇಶ ಇನ್ನೂ ಮೇಲಕ್ಕೆ ಹೋಗುತ್ತಿದ್ದ.

"ಇಳಿಯೋ," ಎಂದು ಬೋನಿಫಾಸ್ ಸಾಲುಗಳ ನಡುವೆ ಉಸಿರು ಎಳೆದುಕೊಳ್ಳುತ್ತ ಹೇಳಿದ.

"ಹೆಂಗೆ ಇಳೀಲಿ, ನೀನು ಹಂಗೆ ಹಾಡಿದ್ರೆ?" ಎಂದ ಮೇಲಿನವನು.

ಲತೀಫ ಹಾಸಿಗೆ ಹೊತ್ತು ಓಡಿಬಂದು ಕೆಳಗೆ ಹಾಸಿದ, ಹಾಸಿದವನು ಹಾಸಿಗೆಯಿಂದ ಮೇಲೆದ್ದ. ಸುದ್ದಿ ಹರಡಿ ಬಂದ ಉಳಿದ ಸದಸ್ಯರೂ ಒಬ್ಬೊಬ್ಬರಾಗಿ ಮೇಲೆದ್ದರು. ಜಾಕೆಟ್ಟುಗಳು ಗಾಳಿಗೆ ಬಾವುಟಗಳ ಹಾಗೆ ಆಡಿದವು. ಕೊಟ್ರಮ್ಮ ಸೆರಗು ಸುತ್ತಿಕೊಂಡು ಕಿಟಕಿಯ ಸರಳು ಹಿಡಿದಳು. ಅಳೆಯುವವನು ಅಲುಗಾಡಬಾರದಾದ್ದರಿಂದ ನಾನು ದೀಪದ ಕಂಬವನ್ನು ತಬ್ಬಿ ನಿಂತಿದ್ದೆ.

ಆಗ ಮಧ್ಯಾಹ್ನದ ಬಸ್ಸು ಬಂದು ತಿರುವಿನಲ್ಲಿ ನಿಂತಿತು. ಬೋನಿಫಾಸ್ ಹಾಡು ಬಿಡದೆ, ಒಂದು ಕೈಯಲ್ಲಿ ಟ್ರಂಕನ್ನು ತೋರಿಸಿ, ಇನ್ನೊಂದು ಕೈಯಲ್ಲಿ ಸ್ವಲ್ಪ ತಾಳಿರೆಂದು ಸನ್ನೆ ಮಾಡಿದ. ಬಸ್ಸಿನೊಳಗೆ ಪ್ರಯಾಣಿಕರ ತಲೆಗಳು ಚಾವಣಿಗೆ ಒತ್ತಿಕೊಂಡಿದ್ದವು, ಸೀಟುಗಳೆಲ್ಲ ಖಾಲಿಯಿದ್ದವು. ಚಾಲಕ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು ತೇಲುತ್ತಿದ್ದ. ಅವನ ಕಾಲು ಪೆಡಲಿಗೆ ಎಟುಕುತ್ತಿರಲಿಲ್ಲ.